ಜಿನೀವಾದ ಗುಡಾರ: ಸಂಬಳವಿಲ್ಲದ ಇಂಟರ್ನ್‌ಶಿಪ್‌ನ ಖರ್ಚು ಯಾರ ತಲೆಗೆ?

2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ‘ಟ್ರಿಬ್ಯೂನ್ ದ ಜಿನೀವ್’ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಜಿನೀವಾದ ವಿಶ್ವಸಂಸ್ಥೆ ಕಚೇರಿಯಲ್ಲಿ ಇಂಟರ್ನ್ ಆಗಿದ್ದ ಹುಡುಗನೊಬ್ಬ ಸರೋವರದ ದಡದಲ್ಲಿ ನೀಲಿ ಗುಡಾರ ಹಾಕಿಕೊಂಡು ಮಲಗುತ್ತಿದ್ದಾನೆ ಅಂತ. ಹೆಸರು ಡೇವಿಡ್ ಹೈಡ್, ನ್ಯೂಜಿಲೆಂಡಿನವನು, ವಯಸ್ಸು 22. ಕೆಲಸ ಆರು ತಿಂಗಳದ್ದು. ಸಂಬಳವಿಲ್ಲ, ಊಟದ ಖರ್ಚಿಲ್ಲ, ಓಡಾಟದ ಖರ್ಚಿಲ್ಲ, ಆರೋಗ್ಯ ವಿಮೆಯೂ ಇಲ್ಲ. ಸುದ್ದಿ ಒಂದೆರಡು ದಿನದಲ್ಲೇ ಜಗತ್ತಿಡೀ ಓಡಾಡಿತು. ಜಿನೀವಾದ ಕೆಲವರು ‘ನಮ್ಮ ಮನೆಯಲ್ಲಿ ಇರು ಬಾ’ ಎಂದು ಕರೆದರು. ಅವನು ಕಚೇರಿಯ ಎದುರು ಪತ್ರಕರ್ತರನ್ನು ಕರೆದು, ಇಂಟರ್ನ್‌ಶಿಪ್ ಬಿಡುತ್ತಿದ್ದೇನೆ ಎಂದು ಹೇಳಿ ಹೊರಟುಬಿಟ್ಟ.

ಆಮೇಲೆ ಕತೆಗೆ ಒಂದು ತಿರುವು ಬಂತು. ಗುಡಾರ ಹಾಕಿದ್ದು ಬರೀ ಗತಿಯಿಲ್ಲದೆ ಅಲ್ಲ, ಈ ವಿಷಯದ ಕಡೆ ಜನರ ಗಮನ ಸೆಳೆಯಬೇಕೆಂಬ ಯೋಚನೆಯೂ ಅದರಲ್ಲಿತ್ತು ಎಂದು ಅವನೇ ಒಪ್ಪಿಕೊಂಡ. ಗೆಳತಿಯ ಜೊತೆ ಸೇರಿ ಇದರ ಮೇಲೆ ಸಾಕ್ಷ್ಯಚಿತ್ರ ಕೂಡ ಮಾಡಿದ. ಅಷ್ಟಕ್ಕೇ ಕೆಲವರು ‘ನಾಟಕ’ ಎಂದು ಕೈತೊಳೆದುಕೊಂಡರು. ನನಗೆ ಹಾಗನ್ನಿಸುವುದಿಲ್ಲ. ಗುಡಾರ ಪ್ರದರ್ಶನಕ್ಕೆ ಹಾಕಿದ್ದೇ ಇರಬಹುದು. ಅವನ ಕೈಗೆ ಬಂದ ಕೆಲಸದ ಪತ್ರದಲ್ಲಿದ್ದ ಷರತ್ತುಗಳು ಪ್ರದರ್ಶನವಾಗಿರಲಿಲ್ಲ. ಇವತ್ತು ರಾಯಚೂರಿನಿಂದಲೋ ಹಾಸನದಿಂದಲೋ ಒಬ್ಬ ವಿದ್ಯಾರ್ಥಿ ಅಲ್ಲಿಗೆ ಆಯ್ಕೆಯಾದರೆ ಅವೇ ಷರತ್ತುಗಳು ಅವನ ಮುಂದೆಯೂ ಬರುತ್ತವೆ. ಅದಕ್ಕೇ ಈ ಪ್ರಕರಣವನ್ನು ಒಂದಿಷ್ಟು ಬಿಚ್ಚಿ ನೋಡೋಣ.

ಅಸಲಿ ಜರಡಿ ಎಲ್ಲಿದೆ

ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್ ನಿಯಮ ತುಂಬ ಸರಳ. ಪದವಿಯ ಕೊನೆಯ ವರ್ಷದಲ್ಲಿರಬೇಕು, ಇಲ್ಲವೇ ಸ್ನಾತಕೋತ್ತರ ಓದುತ್ತಿರಬೇಕು, ಇಲ್ಲವೇ ಓದು ಮುಗಿದು ಒಂದು ವರ್ಷದ ಒಳಗಿರಬೇಕು. ಅವಧಿ ಕನಿಷ್ಠ ಎರಡು ತಿಂಗಳು, ಗರಿಷ್ಠ ಆರು. ಪ್ರಯಾಣ, ವೀಸಾ, ವಸತಿ, ವಿಮೆ ಎಲ್ಲ ಖರ್ಚೂ ಇಂಟರ್ನ್‌ನದು, ಇಲ್ಲವೇ ಅವರನ್ನು ಕಳಿಸಿದ ಸಂಸ್ಥೆಯದು. ಈ ‘ಕಳಿಸಿದ ಸಂಸ್ಥೆ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಿಯಮದಲ್ಲಿ ಗುಟ್ಟೇನೂ ಇಲ್ಲ. ಹೈಡ್ ಕೂಡ ‘ನನಗೆ ಮೊದಲೇ ಗೊತ್ತಿತ್ತು, ಒಪ್ಪಿಕೊಂಡೇ ಬಂದೆ’ ಎಂಬರ್ಥದಲ್ಲಿ ಮಾತಾಡಿದ್ದ. ಖರ್ಚು ನಿಭಾಯಿಸಬಲ್ಲೆಯಾ ಎಂದು ಸಂದರ್ಶನದಲ್ಲಿ ಕೇಳಿದಾಗ ಹೌದು ಎಂದಿದ್ದಾಗಿಯೂ ಆಗ ವರದಿಯಾಗಿತ್ತು. ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಈ ಒಂದು ಪ್ರಶ್ನೆ. ಅಂಕಪಟ್ಟಿ, ಭಾಷೆ, ಶಿಫಾರಸು ಪತ್ರ ಇವೆಲ್ಲ ಕಾಣುವ ಜರಡಿ. ‘ದುಡ್ಡು ನೀನೇ ಹಾಕಿಕೊಳ್ಳುತ್ತೀಯಾ?’ ಅನ್ನುವುದು ಕಾಣದ ಜರಡಿ. ಇಲ್ಲ ಅಂದರೆ ಅವಕಾಶ ಹೋಗುತ್ತದೆ. ಹೌದು ಅಂದರೆ ಆಮೇಲೆ ಕಷ್ಟ ಹೇಳಿಕೊಳ್ಳುವ ಬಾಯಿಯೇ ಇರುವುದಿಲ್ಲ. ಎಷ್ಟೋ ಮಕ್ಕಳು ಈ ಪ್ರಶ್ನೆಯವರೆಗೂ ಬರದೆ, ಜಾಹೀರಾತು ಓದಿದಾಗಲೇ ಪುಟ ಮುಚ್ಚಿಬಿಡುತ್ತಾರೆ. ಅವರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ.

ಯಾಕೆ ಕೊಡುವುದಿಲ್ಲ ಎಂದು ಕೇಳಿದ್ದಕ್ಕೆ ವಿಶ್ವಸಂಸ್ಥೆ ಆಗ ಕೊಟ್ಟ ಉತ್ತರ: ಸಿಬ್ಬಂದಿ ಅಲ್ಲದವರಿಗೆ ಸಂಬಳ ಕೊಡಬಾರದು ಎಂದು ಮಹಾಸಭೆಯ ನಿರ್ಣಯವಿದೆ. ಅಂದರೆ ಕೊಡಬೇಕಾದರೆ ಸದಸ್ಯ ದೇಶಗಳೇ ಕೂತು ನಿಯಮ ಬದಲಿಸಬೇಕು, ಬಜೆಟ್ ಹಾಕಬೇಕು. ಇದೇ ಸಂಸ್ಥೆ 1948ರಲ್ಲಿ ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 23ನೇ ವಿಧಿ, ದುಡಿದವರಿಗೆಲ್ಲ ನ್ಯಾಯವಾದ ಪ್ರತಿಫಲ ಸಿಗಬೇಕು ಎನ್ನುತ್ತದೆ. ಪತ್ರಿಕೆಗಳು ಈ ವಿರೋಧಾಭಾಸವನ್ನು ಚೆನ್ನಾಗಿಯೇ ಬಳಸಿಕೊಂಡವು. ಸಂಸ್ಥೆಯ ವಾದಕ್ಕೂ ಹಿಡಿಯಲು ಒಂದು ಕೊಂಬೆ ಇತ್ತು: ಇಂಟರ್ನ್‌ಶಿಪ್ ದುಡಿಮೆಯಲ್ಲ, ಕಲಿಕೆ. ಆದರೆ ಆರು ತಿಂಗಳು ದಿನವಿಡೀ ಕಚೇರಿಯಲ್ಲಿ ಕೂತು ವರದಿ ಬರೆಯುವವರಿಗೆ ಈ ಗೆರೆ ಎಲ್ಲಿದೆ ಅಂತ ಕಾಣುವುದು ಕಷ್ಟ, ಅಲ್ವಾ?

ಅದೇ ಊರು, ಬೇರೆ ಲೆಕ್ಕ

ಜಿನೀವಾದ ಖರ್ಚು ಎಷ್ಟು? ಅಂದಾಜು ಮಾಡಲು ಒಳ್ಳೆಯ ಅಳತೆಗೋಲು ಅದೇ ಊರಿನ ಅಂಚಿನಲ್ಲಿದೆ. ಸರ್ನ್ ಎಂಬ ಕಣಭೌತಶಾಸ್ತ್ರ ಪ್ರಯೋಗಾಲಯ ಪ್ರತಿ ಬೇಸಿಗೆಯಲ್ಲೂ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತದೆ. 8ರಿಂದ 13 ವಾರ. ದಿನಕ್ಕೆ ಸುಮಾರು 90 ಸ್ವಿಸ್ ಫ್ರಾಂಕ್ ಭತ್ಯೆ, ಜೊತೆಗೆ ಪ್ರಯಾಣದ ಖರ್ಚಿಗೆ ಹಣ. ಇದು ಐಷಾರಾಮಕ್ಕೆ ಕೊಡುವ ದುಡ್ಡಲ್ಲ, ಇರುವುದಕ್ಕೆ, ತಿನ್ನುವುದಕ್ಕೆ. ಹಾಗಾದರೆ ಎರಡು ತಿಂಗಳಿಗೆ 5,400 ಫ್ರಾಂಕ್ ಆಯಿತು. ಆರು ತಿಂಗಳಿಗೆ 16,200. ಒಂದು ಫ್ರಾಂಕ್‌ಗೆ ನೂರು ರೂಪಾಯಿ ಎಂದು ಸುಮ್ನೆ ಇಟ್ಟುಕೊಂಡರೂ ಐದು ಲಕ್ಷದ ಮೇಲಿಂದ ಶುರುವಾಗಿ ಹದಿನಾರು ಲಕ್ಷದವರೆಗೆ ಹೋಗುತ್ತದೆ. ವಿಮಾನದ ಟಿಕೆಟ್ ಇದರ ಮೇಲೆ. ಕೈ ಬಿಗಿಹಿಡಿದು, ರೂಮ್ ಹಂಚಿಕೊಂಡು, ದಿನವೂ ತಾನೇ ಅಡುಗೆ ಮಾಡಿಕೊಂಡರೆ ಕಡಿಮೆ ಆಗುತ್ತದೆ ನಿಜ. ಆದರೂ ನಮ್ಮಲ್ಲಿ ಒಂದು ಸಾಧಾರಣ ಮನೆಯ ವರ್ಷದ ಆದಾಯ ಎಷ್ಟು ಎಂದು ಯೋಚಿಸಿ.

ಹೈಡ್‌ಗೆ ಅವನ ದೇಶದಿಂದ ಏನೂ ಸಿಗುತ್ತಿರಲಿಲ್ಲವೇ? ಇಲ್ಲೊಂದು ಸ್ವಾರಸ್ಯವಿದೆ. ನ್ಯೂಜಿಲೆಂಡ್ ಸರ್ಕಾರ 2013ರಲ್ಲಿ ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಎಂಬ ಯೋಜನೆ ಶುರುಮಾಡಿತ್ತು. ಓದಿಗಷ್ಟೇ ಅಲ್ಲ, ಇಂಟರ್ನ್‌ಶಿಪ್‌ಗೂ ಅದು ದುಡ್ಡು ಕೊಡುತ್ತಿತ್ತು. ಆದರೆ ಆಗ ಅದು ಏಷ್ಯಾಕ್ಕೆ ಹೋಗುವವರಿಗೆ. ಅವನು ಬೆಂಗಳೂರಿಗೆ ಇಂಟರ್ನ್ ಆಗಿ ಬರುವುದಾದರೆ ಅರ್ಜಿ ಹಾಕಬಹುದಿತ್ತು, ಜಿನೀವಾಕ್ಕೆ ಹೋಗುವುದಾದರೆ ಆಗುತ್ತಿರಲಿಲ್ಲ. ಅಮೆರಿಕದ ಗಿಲ್ಮನ್ ಸ್ಕಾಲರ್‌ಶಿಪ್ ಕೂಡ ಹೀಗೇ ಗೆರೆ ಎಳೆದಿದೆ. 5,000 ಡಾಲರ್‌ವರೆಗೆ ಕೊಡುತ್ತದೆ, ಅಮೆರಿಕ ಸರ್ಕಾರ ಮುಖ್ಯವೆಂದು ಗುರುತಿಸಿದ ಭಾಷೆಗಳನ್ನು ಹೊರದೇಶದಲ್ಲಿ ಕಲಿಯುವವರಿಗೆ ಇನ್ನೂ 3,000 ಹೆಚ್ಚು. ಆದರೆ ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ಪಡೆಯುವ ಅಮೆರಿಕನ್ ಪ್ರಜೆಗಳಿಗೆ ಮಾತ್ರ. ಯುರೋಪಿನ ಮಕ್ಕಳಿಗೆ ಯುರೋಪಿಯನ್ ಒಕ್ಕೂಟದ ಇರಾಸ್ಮಸ್ ಯೋಜನೆ ಇದೆ, ಎರಡು ತಿಂಗಳಿಂದ ಒಂದು ವರ್ಷದವರೆಗಿನ ತರಬೇತಿಗೆ ಅದರಿಂದ ನೆರವು ಸಿಗುತ್ತದೆ.

ಹೀಗೆ ಸಂಬಳ ಕೊಡದ ಸಂಸ್ಥೆಗೆ ಯಾರು ಬರುತ್ತಾರೆ ಎಂಬುದನ್ನು ಆ ಸಂಸ್ಥೆ ಒಂದೇ ತೀರ್ಮಾನ ಮಾಡುವುದಿಲ್ಲ. ಯಾವ ದೇಶದ ಸರ್ಕಾರ ತನ್ನ ಮಕ್ಕಳ ಬೆನ್ನಿಗೆ ನಿಲ್ಲುತ್ತದೋ ಆ ದೇಶದವರೇ ಜಾಸ್ತಿ ಬರುತ್ತಾರೆ. ಕಡೆಗೆ ಶ್ರೀಮಂತ ದೇಶಗಳ, ಅದರಲ್ಲೂ ಉಳ್ಳವರ ಮನೆಯ ಮಕ್ಕಳ ಬಯೋಡೇಟಾದಲ್ಲಿ ‘ವಿಶ್ವಸಂಸ್ಥೆ’ ಎಂಬ ಸಾಲು ಸೇರುತ್ತದೆ.

ಗುಡಾರದ ನಂತರ ಏನಾಯಿತು

ಎಲ್ಲವೂ ಬದಲಾಯಿತು ಅಂದರೆ ಸುಳ್ಳು. ಏನೂ ಆಗಲಿಲ್ಲ ಅಂದರೂ ಸುಳ್ಳು. ಜಿನೀವಾದಲ್ಲೇ ಇರುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಷ್ಟು ಹೊತ್ತಿಗೆ ತನ್ನ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡುತ್ತಿತ್ತು. ಯುನಿಸೆಫ್ ಕೂಡ ಈಗ ಕೊಡುತ್ತದೆ. ದೊಡ್ಡ ಬದಲಾವಣೆ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ. ಇಂಟರ್ನ್‌ಗಳೇ ಸಂಘಟಿತರಾಗಿ ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ, 2018ರ ಮೇ ತಿಂಗಳ ವಿಶ್ವ ಆರೋಗ್ಯ ಸಭೆ ಒಂದು ನಿರ್ಣಯ ಮಾಡಿತು. 2020ರಿಂದ ಸ್ಟೈಪೆಂಡ್ ಶುರುವಾಗಬೇಕು. 2022ರ ಹೊತ್ತಿಗೆ ಆಯ್ಕೆಯಾದವರಲ್ಲಿ ಕನಿಷ್ಠ ಅರ್ಧದಷ್ಟು ಜನ ಹಿಂದುಳಿದ ಮತ್ತು ಮಧ್ಯಮ ಆದಾಯದ ದೇಶಗಳವರಾಗಿರಬೇಕು. ಭಾರತವೂ ಆ ಪಟ್ಟಿಯಲ್ಲಿ ಬರುತ್ತದೆ.

ಇಲ್ಲಿ ಗಮನಿಸಬೇಕಾದ್ದು ಎರಡನೇ ಷರತ್ತು. ಸ್ಟೈಪೆಂಡ್ ಕೊಟ್ಟ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುವುದಿಲ್ಲ. ದುಡ್ಡಿಲ್ಲದ ಕಾಲದಲ್ಲಿ ಬರುತ್ತಿದ್ದವರೇ ದುಡ್ಡು ಸಿಗುವಾಗಲೂ ಮೊದಲು ಅರ್ಜಿ ಹಾಕುತ್ತಾರೆ, ಯಾಕೆಂದರೆ ಅರ್ಜಿ ಹಾಕುವುದು ಹೇಗೆ ಅಂತ ಗೊತ್ತಿರುವುದು ಅವರಿಗೇ. ಆದ್ದರಿಂದ ಎರಡನ್ನೂ ಒಟ್ಟಿಗೆ ಮಾಡಿದ್ದು ಜಾಣತನ.

ಬೇರೆ ಕಡೆಯೂ ಗಾಳಿ ಬೀಸಿತು. ಅಮೆರಿಕದ ಸಂಸತ್ತು 2018ರಲ್ಲಿ ತನ್ನ ಸದಸ್ಯರ ಕಚೇರಿಗಳ ಇಂಟರ್ನ್‌ಗಳಿಗೆಂದೇ ಹಣ ಮೀಸಲಿಟ್ಟಿತು. ಶ್ವೇತಭವನ 2022ರಲ್ಲಿ ಸ್ಟೈಪೆಂಡ್ ಕೊಡಲು ಶುರುಮಾಡಿತು. ವಿಶ್ವಸಂಸ್ಥೆಯ ಸಚಿವಾಲಯ ಮಾತ್ರ ಹಳೆಯ ನಿಯಮದಲ್ಲೇ ನಿಂತಿದೆ.

ನಮ್ಮ ವಿದ್ಯಾರ್ಥಿ ಈ ಜಾಗದಲ್ಲಿದ್ದರೆ

ಈಗ ನಮ್ಮೂರಿನ ಕಡೆಯಿಂದ ನೋಡೋಣ. ಕರ್ನಾಟಕದ ಒಬ್ಬ ವಿದ್ಯಾರ್ಥಿನಿಗೆ ಇಂಥದ್ದೇ ಸಂಬಳವಿಲ್ಲದ ವಿದೇಶಿ ಆಫರ್ ಲೆಟರ್ ಬಂತು ಅಂದುಕೊಳ್ಳಿ. ಮೊದಲು ಹುಡುಕುವುದು ಸರ್ಕಾರದ ಸ್ಕಾಲರ್‌ಶಿಪ್. ಇಲ್ಲೇ ಮೊದಲ ನಿರಾಸೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ. ರಾಜ್ಯದ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳನ್ನು ವಿದೇಶಕ್ಕೆ ಕಳಿಸುತ್ತದೆ, ಅದೂ ಪದವಿ ಓದಲು. ಎರಡು ತಿಂಗಳ ಇಂಟರ್ನ್‌ಶಿಪ್ ಇವುಗಳ ಕಣ್ಣಿಗೇ ಬೀಳುವುದಿಲ್ಲ. ಕಾರಣ ಊಹಿಸಬಹುದು: ಡಿಗ್ರಿಗೆ ಪ್ರವೇಶ ಪತ್ರ ಇದೆ, ಫೀ ರಸೀದಿ ಇದೆ, ಲೆಕ್ಕ ಪರಿಶೋಧನೆಗೆ ಸುಲಭ. ಇಂಟರ್ನ್‌ಶಿಪ್‌ಗೆ ಬರೀ ಒಂದು ಇಮೇಲ್.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದೆಯಲ್ಲ ಎಂದು ಕೇಳುವವರು ಬಹಳ ಜನ. 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಅದರಲ್ಲಿ ತಿಂಗಳಿಗೆ 5,000 ರೂಪಾಯಿ, ಒಂದು ಸಲಕ್ಕೆ 6,000 ರೂಪಾಯಿ ಇತ್ತು. ಆದರೆ ಅದು ಇಲ್ಲಿನ ದೊಡ್ಡ ಕಂಪನಿಗಳಲ್ಲಿ ಮಾಡುವ ಇಂಟರ್ನ್‌ಶಿಪ್. ಮೇಲಾಗಿ ಪೂರ್ಣಾವಧಿ ಓದುತ್ತಿರುವವರನ್ನು ಆ ನಿಯಮ ಹೊರಗಿಟ್ಟಿತ್ತು. ರಾಜ್ಯ ಸರ್ಕಾರದ ಯುವನಿಧಿಯೂ ಅಷ್ಟೇ, ಓದು ಮುಗಿಸಿ ಕೆಲಸ ಸಿಗದವರಿಗೆ. ಕಾಲೇಜಿನಲ್ಲಿರುವಾಗ ಇವೆರಡೂ ಕೈಗೆಟುಕುವುದಿಲ್ಲ. ವಿಪರ್ಯಾಸ ನೋಡಿ, ವಿಟಿಯು ಬಿಇಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಮಾಡಲೇಬೇಕು ಎನ್ನುವವರು ಒಬ್ಬರು, ಖರ್ಚು ಕೊಡುವವರು ಯಾರೂ ಇಲ್ಲ. ಈ ಸಂದಿಯಲ್ಲೇ ವಿದ್ಯಾರ್ಥಿಯಿಂದಲೇ ದುಡ್ಡು ಕಿತ್ತುಕೊಂಡು ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಹುಟ್ಟಿಕೊಂಡಿವೆ. ವಿದೇಶಿ ಇಂಟರ್ನ್‌ಶಿಪ್ ಹೆಸರಿನಲ್ಲಿ ಲಕ್ಷಗಟ್ಟಲೆ ‘ಪ್ಲೇಸ್‌ಮೆಂಟ್ ಫೀ’ ಕೇಳುವವರೂ ಇದೇ ಜಾತಿ. ಅಂಥವರಿಗೆ ಕೊಡಲು ಸ್ಕಾಲರ್‌ಶಿಪ್ ಹುಡುಕಬೇಡಿ, ದೂರ ಇಡಿ.

ಹಾಗಾದರೆ ದುಡ್ಡೇ ಇಲ್ಲವೇ? ಇದೆ. ಆದರೆ ಅದು ವಿದ್ಯಾರ್ಥಿಯ ಹಿಂದೆ ಬರುವ ದುಡ್ಡಲ್ಲ, ಜಾಗಕ್ಕೆ ಅಂಟಿಕೊಂಡಿರುವ ದುಡ್ಡು. ಮೊದಲು ಆಫರ್ ಪಡೆದು ಆಮೇಲೆ ದುಡ್ಡು ಹುಡುಕುವವರಿಗೆ ಬಹುತೇಕ ಸಿಗುವುದಿಲ್ಲ. ಮೊದಲು ದುಡ್ಡಿರುವ ಕಾರ್ಯಕ್ರಮ ನೋಡಿ, ಅದರೊಳಗೆ ಜಾಗ ಹುಡುಕುವವರಿಗೆ ಸಿಗುತ್ತದೆ.

ಮೊದಲಿಗೆ ಸರ್ನ್. ಭಾರತ 2017ರ ಜನವರಿಯಲ್ಲಿ ಅದರ ಸಹಸದಸ್ಯ ರಾಷ್ಟ್ರವಾಯಿತು. ಹಾಗಾಗಿ ನಮ್ಮ ಮಕ್ಕಳು ಸದಸ್ಯ ದೇಶದವರ ಸಾಲಿನಲ್ಲೇ ಅರ್ಜಿ ಹಾಕಬಹುದು. ಭೌತಶಾಸ್ತ್ರದವರಿಗೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ಕಂಪ್ಯೂಟರ್, ಎಂಜಿನಿಯರಿಂಗ್, ಗಣಿತದವರೂ ಹೋಗಬಹುದು.

ಫ್ರಾನ್ಸ್‌ನ ಪ್ರಯೋಗಾಲಯಗಳಿಗೆ ಹೋಗುವವರಿಗೆ ಫ್ರೆಂಚ್ ರಾಯಭಾರ ಕಚೇರಿಯ ಶಾರ್ಪಾಕ್ ಲ್ಯಾಬ್ ಸ್ಕಾಲರ್‌ಶಿಪ್ ಇದೆ. ತಿಂಗಳಿಗೆ 700 ಯೂರೋ, ವೀಸಾ ಶುಲ್ಕ ಮಾಫಿ. ಪ್ಯಾರಿಸ್‌ನಲ್ಲಾದರೆ 700 ಸಾಲದು, ಚಿಕ್ಕ ಊರಿನ ವಿಶ್ವವಿದ್ಯಾಲಯದಲ್ಲಾದರೆ ಹೇಗೋ ನಡೆಯುತ್ತದೆ. ಊರು ಆರಿಸುವುದೂ ಒಂದು ಬಗೆಯ ಫಂಡಿಂಗ್ ಅಂತ ನನ್ನ ಅಭಿಪ್ರಾಯ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ನಡೆಸುವ ವೈಸ್ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮವೂ ಹೆಸರಾದದ್ದು. ತಿಂಗಳ ಭತ್ಯೆಯ ಜೊತೆ ಪ್ರಯಾಣಕ್ಕೂ ನೆರವು ಸಿಗುತ್ತದೆ. ತೊಡಕು ಏನೆಂದರೆ ಐಐಟಿ, ಎನ್‌ಐಟಿಯಂಥ ಆಯ್ದ ಸಂಸ್ಥೆಗಳ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇರಬೇಕು. ಸುರತ್ಕಲ್‌ನ ಎನ್‌ಐಟಿಕೆಯವರಿಗೆ ದಾರಿ ಇದೆ, ತಾಲ್ಲೂಕು ಕೇಂದ್ರದ ಖಾಸಗಿ ಕಾಲೇಜಿನವರಿಗೆ ಇಲ್ಲ. ಜಿನೀವಾದ ಆ ಪ್ರಶ್ನೆಯಂತೆ ಇದೂ ಒಂದು ಜರಡಿ. ಅಲ್ಲಿ ಅಪ್ಪನ ಜೇಬು ನೋಡುತ್ತಾರೆ, ಇಲ್ಲಿ ಕಾಲೇಜಿನ ಹೆಸರು.

ಇನ್ನೊಂದು ದಾರಿ ಐಎಇಎಸ್‌ಟಿಇ. 1948ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿದ, ತಾಂತ್ರಿಕ ವಿಷಯ ಓದುವ ವಿದ್ಯಾರ್ಥಿಗಳ ವಿನಿಮಯ ವ್ಯವಸ್ಥೆ ಇದು. ಇಲ್ಲಿನ ವಿದ್ಯಾರ್ಥಿ ಸಮಿತಿ ವಿದೇಶಿ ಮಕ್ಕಳಿಗೆ ಇಲ್ಲಿ ಜಾಗ ಹುಡುಕಿಕೊಡುತ್ತದೆ, ಅದಕ್ಕೆ ಬದಲಾಗಿ ನಮ್ಮವರಿಗೆ ಅಲ್ಲಿ ಜಾಗ ಸಿಗುತ್ತದೆ. ಮಣಿಪಾಲದಲ್ಲಿ ಇದರ ಸಮಿತಿ ಬಹುಕಾಲದಿಂದ ಇದೆ. ಜೀವನ ಸಾಗಿಸುವಷ್ಟು ಭತ್ಯೆಯನ್ನು ಕೆಲಸ ಕೊಟ್ಟವರೇ ಕೊಡುತ್ತಾರೆ. ವಿಮಾನ, ವಿಮೆ, ಶುಲ್ಕ ನಿಮ್ಮದು. ಮುಯ್ಯಿಗೆ ಮುಯ್ಯಿ ಲೆಕ್ಕವಾದ್ದರಿಂದ ಇಲ್ಲಿ ಎಷ್ಟು ಜಾಗ ಹುಟ್ಟುತ್ತದೋ ಅಷ್ಟೇ ಅಲ್ಲಿಯೂ.

ಹೊರದೇಶವೇ ಆಗಬೇಕು ಎಂಬ ಹಟ ಇಲ್ಲದಿದ್ದರೆ ಇನ್ನೂ ಒಳ್ಳೆಯ ಬಾಗಿಲುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇರೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಅವುಗಳಲ್ಲಿ ಒಂದು. ಎರಡು ತಿಂಗಳು, ದೇಶದ ಯಾವುದೋ ಒಳ್ಳೆಯ ಪ್ರಯೋಗಾಲಯದಲ್ಲಿ, ಸ್ಟೈಪೆಂಡ್ ಮತ್ತು ಪ್ರಯಾಣದ ಖರ್ಚು ಸಮೇತ. ಕಾಲೇಜಿನ ಹೆಸರಿನ ಗೋಡೆ ಇಲ್ಲ. ಸಣ್ಣ ಊರಿನ ಬಿಎಸ್ಸಿ ಮಕ್ಕಳಿಗೆ ಇದರ ಬಗ್ಗೆ ಯಾರೂ ಹೇಳುವುದೇ ಇಲ್ಲ, ಅದೇ ಬೇಜಾರು.

ಇನ್ನು ರಾಜತಾಂತ್ರಿಕ ಕೆಲಸದ ಆಸೆಯಿಂದ ಜಿನೀವಾ ಕನಸು ಕಾಣುವವರು ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್ ನೋಡಬೇಕು. 2022ರ ನೀತಿಯ ಪ್ರಕಾರ ತಿಂಗಳಿಗೆ 10,000 ರೂಪಾಯಿ ಗೌರವಧನ, ಊರಿನಿಂದ ದೆಹಲಿಗೆ ಹೋಗಿಬರುವ ವಿಮಾನದ ಟಿಕೆಟ್. ಎಲ್ಲ ರಾಜ್ಯದವರಿಗೂ ಜಾಗ ಸಿಗುವಂತೆ ಹಂಚುತ್ತಾರೆ, ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳೆಂದು, ಅಂದರೆ ಅಭಿವೃದ್ಧಿಯಲ್ಲಿ ಹಿಂದುಳಿದವೆಂದು ಕೇಂದ್ರ ಗುರುತಿಸಿದ ಕಡೆಯವರಿಗೆ ಆದ್ಯತೆಯೂ ಇದೆ. ನಮ್ಮ ರಾಜ್ಯದಲ್ಲಿ ಆ ಪಟ್ಟಿಯಲ್ಲಿರುವುದು ರಾಯಚೂರು ಮತ್ತು ಯಾದಗಿರಿ. ದೆಹಲಿಯಲ್ಲಿ 10,000ಕ್ಕೆ ರಾಜನ ಹಾಗೆ ಇರಲಾಗದು. ಆದರೂ ಟಿಕೆಟ್ಟಿಗೂ ಊರಿಗೂ ಲೆಕ್ಕ ಹಾಕಿ ಮಾಡಿದ ನೀತಿ ಇದು. ಜಿನೀವಾದ ದೊಡ್ಡ ಕಚೇರಿಗೆ ಹೊಳೆಯದ್ದು ಇದರಲ್ಲಿದೆ.

ಮನೆಯಲ್ಲೇ ಕೂತು ಮಾಡುವುದಾದರೆ ಗೂಗಲ್ ಸಮ್ಮರ್ ಆಫ್ ಕೋಡ್ ಇದೆ. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ಬಳಸಬಹುದಾದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಕೋಡ್ ಬರೆದರೆ ಡಾಲರ್‌ನಲ್ಲಿ ಸ್ಟೈಪೆಂಡ್. ವೀಸಾ ಬೇಡ, ಬಾಡಿಗೆ ಬೇಡ. ಅಂತಾರಾಷ್ಟ್ರೀಯ ಅನುಭವಕ್ಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಆದರೂ ಅದೇ ಆಫರ್ ಬೇಕು ಅಂದರೆ

ಕೆಲವೊಮ್ಮೆ ಸಂಬಳವಿಲ್ಲದ ಜಾಗವೇ ಸರಿಯಾದ ಜಾಗವಾಗಿರುತ್ತದೆ. ಆಗ ಒಂದೇ ಕಡೆ ಪೂರ್ತಿ ದುಡ್ಡು ಹುಡುಕಬೇಡಿ, ಖರ್ಚನ್ನು ತುಂಡು ಮಾಡಿ. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಆರು ತಿಂಗಳ ಬಾಡಿಗೆ ಕೊಡಿ ಅಂದರೆ ನಕ್ಕು ಸುಮ್ಮನಾಗುತ್ತಾರೆ. ವಿಮಾನದ ಟಿಕೆಟ್ ಕೊಡಿಸಿ ಅಂದರೆ ಯೋಚನೆ ಮಾಡುತ್ತಾರೆ. ಊರಿನ ರೋಟರಿಯವರಿಗೋ ಸಮುದಾಯದ ಟ್ರಸ್ಟ್‌ಗೋ ವೀಸಾ ಮತ್ತು ವಿಮೆಯ ಖರ್ಚು ಕೇಳಬಹುದು. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು, ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಇಂಥ ಖಚಿತ ಮೊತ್ತಕ್ಕೆ ಕೊಡುವವರ ಕೈ ಬೇಗ ಮುಂದೆ ಬರುತ್ತದೆ. ಹೊರದೇಶದ ಕನ್ನಡ ಸಂಘಗಳಿಂದ ದುಡ್ಡು ನಿರೀಕ್ಷಿಸಬೇಡಿ. ಮೊದಲ ಎರಡು ವಾರ ಇರಲು ಒಂದು ರೂಮ್ ಹುಡುಕಿಕೊಡಿ ಎಂದು ಕೇಳಿ, ಅಷ್ಟು ಸಹಾಯ ಸಿಗುವ ಸಾಧ್ಯತೆ ಹೆಚ್ಚು.

ಈಗಾಗಲೇ ಶಿಕ್ಷಣ ಸಾಲ ಇದ್ದರೆ ಬ್ಯಾಂಕಿಗೆ ಹೋಗಿ ಕೇಳುವುದು ಒಳ್ಳೆಯದು. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಕೋರ್ಸ್ ಮುಗಿಸಲು ಬೇಕಾದ ಅಧ್ಯಯನ ಪ್ರವಾಸ, ಪ್ರಾಜೆಕ್ಟ್ ಕೆಲಸದಂಥ ಖರ್ಚಿಗೂ ಜಾಗವಿದೆ. ಇಂಟರ್ನ್‌ಶಿಪ್ ನಿಮ್ಮ ಸಿಲಬಸ್‌ನಲ್ಲಿ ಕ್ರೆಡಿಟ್ ಇರುವ ವಿಷಯ ಎಂದು ಕಾಲೇಜು ಪತ್ರ ಕೊಟ್ಟರೆ ಮಾತಾಡಲು ಒಂದು ಆಧಾರ ಸಿಗುತ್ತದೆ. ಸಾಲ ಸಾಲವೇ, ಮುಂದೆ ಬಡ್ಡಿ ಕಟ್ಟಬೇಕು, ಅದನ್ನು ಮರೆಯಬಾರದು.

ಸಮಯದ ಲೆಕ್ಕವೂ ಮುಖ್ಯ. ಬೇಸಿಗೆಯ ಬಹುತೇಕ ಕಾರ್ಯಕ್ರಮಗಳ ಅರ್ಜಿ ಹಿಂದಿನ ವರ್ಷದ ನವೆಂಬರ್‌ನಿಂದ ಜನವರಿಯ ಒಳಗೆ ಮುಗಿದುಹೋಗುತ್ತದೆ. ಮಾರ್ಚ್‌ನಲ್ಲಿ ಆಫರ್ ಹಿಡಿದುಕೊಂಡು ಹುಡುಕಲು ಹೊರಟರೆ ಉಳಿದಿರುವುದು ಅಪ್ಪ ಅಮ್ಮ ಮಾತ್ರ.

ಒಪ್ಪಿಗೆ ಕೊಡುವ ಮುಂಚೆ, ಆಫರ್ ಕೊಟ್ಟ ಸಂಸ್ಥೆಗೆ ಒಂದು ಇಮೇಲ್ ಬರೆಯಿರಿ. ‘ನಾನು ನನ್ನ ಕಾಲೇಜಿನ ಮೂಲಕ ನೆರವು ಹುಡುಕುತ್ತಿದ್ದೇನೆ. ಹೊರಗಿನಿಂದ ಸ್ಕಾಲರ್‌ಶಿಪ್ ಪಡೆದರೆ ನಿಮ್ಮ ಅಭ್ಯಂತರ ಇಲ್ಲ ಎಂದು, ದಿನಾಂಕಗಳ ಸಮೇತ ಪತ್ರ ಕೊಡುತ್ತೀರಾ?’ ವಿಶ್ವಸಂಸ್ಥೆಯ ನಿಯಮದಲ್ಲೇ ಕಳಿಸುವ ಸಂಸ್ಥೆ ಖರ್ಚು ಹೊರಬಹುದು ಎಂದಿದೆಯಲ್ಲ, ಇದಕ್ಕೆ ಅವರು ಬೇಡ ಅನ್ನಲು ಕಾರಣವಿಲ್ಲ. ಈ ಪತ್ರವಿಲ್ಲದೆ ಯಾವ ಟ್ರಸ್ಟೂ ಅರ್ಜಿ ತೆರೆದು ನೋಡುವುದಿಲ್ಲ. ಜೊತೆಗೆ ಅವಧಿಯನ್ನೂ ಕೇಳಿ. ಅವರು ಆರು ತಿಂಗಳು ಬರೆದಿದ್ದರೂ ಕನಿಷ್ಠ ಎರಡು ತಿಂಗಳು ಸಾಕು ಎಂದು ನಿಯಮವಿದ್ದರೆ ಎರಡೇ ತಿಂಗಳಿಗೆ ಒಪ್ಪಿಸಲು ನೋಡಿ. ಹದಿನಾರು ಲಕ್ಷದ ಸಮಸ್ಯೆ ಅಲ್ಲೇ ಐದಾರು ಲಕ್ಷಕ್ಕೆ ಇಳಿಯುತ್ತದೆ.